ಎರಡು ಫಂಕ್ಷನ್ ನಡುವೆ

ಕಾಫಿ ಕೊಯ್ಯುವವರ ಹಾಜರಿಗೊಂದು ಆ್ಯಪ್ ಮಾಡುತ್ತಿದ್ದ ನಿಶ್ಮಿತಾಳಿಗೆ, ಜೊತೆಯವರು ಮನಸ್ಸಿಗೆ ಬಂದಂತೆ ಕೋಡ್ ಬರೆಯುವುದನ್ನು ನೋಡಿ ನೋಡಿ ಸಾಕಾಗಿತ್ತು. ಕೋಡ್ ಹೇಗಿರಬೇಕೆಂಬ ನಿಯಮಗಳನ್ನು ಪ್ರಿಂಟ್ ತೆಗೆದು ಮಾದಾಪುರದ ಎಸ್ಟೇಟ್ ಆಫೀಸಿನ ಗೋಡೆಗೆ ಅಂಟಿಸಿಯೇ ಬಿಟ್ಟಳು.

ಮಾರನೇ ದಿನ ಬಂದು ನೋಡಿದರೆ, ಕೆಲಸದವರು ವಾಸವಿದ್ದ ಎರಡನೇ ಲೈನಿನ ಮನೆಗಳ ಪಾತ್ರೆ, ಮಂಚ, ಕೋಳಿ ಎಲ್ಲವೂ ಅಂಗಳದಲ್ಲಿ! ಹಾಜರಿ ಬರೆಯುವ ರೈಟರ್ ಪುಟ್ಟರಾಜು ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಏನ್ರೀ ಇದು?"

"ನೀವೇ ಬರೆದಿದ್ದೀರಲ್ಲ ಮೇಡಂ, 'ಎರಡು ಫಂಕ್ಷನ್ ನಡುವೆ ಒಂದು ಲೈನ್ ಖಾಲಿ ಬಿಡಬೇಕು' ಅಂತ. ಭಾನುವಾರ ಸಿದ್ದಮ್ಮನ ಮಗಳ ಮದುವೆ ಆಯ್ತು. ಗುರುವಾರ ಚಂದ್ರು ಮಗೂದು ನಾಮಕರಣ. ಅಲ್ಲೀವರೆಗೆ ಈ ಲೈನ್ ಖಾಲಿ."

ಮಂಚದ ಮೇಲೆ ಕೂತಿದ್ದ ಸಿದ್ದಮ್ಮ, "ಆ ಮಗೂಗೆ ಇವತ್ತೇ ಒಂದು ಹೆಸರಿಡ್ರಪ್ಪ" ಎಂದು ಗೊಣಗಿದಳು.

ನಿಶ್ಮಿತಾಳ ಪಿತ್ತ ನೆತ್ತಿಗೇರಿತು. "ಅದು ಕೋಡ್ ಬರೆಯೋರಿಗೆ ಕಣ್ರೀ!" ಎಂದು ರೇಗಿ, ಸಾಮಾನೆಲ್ಲ ಒಳಗಿಡಿಸಿದಳು. ಇಂಗ್ಲಿಷಿನ ಸಹವಾಸವೇ ಬೇಡವೆಂದು ಗೋಡೆಯ ಮೇಲಿನ 'ಲೈನ್' ಹೊಡೆದುಹಾಕಿ 'ಸಾಲು' ಎಂದು ತಿದ್ದಿ ಮನೆಗೆ ಹೋದಳು.

ಸಂಜೆ ಪುಟ್ಟರಾಜುವಿನ ಫೋನ್ ಬಂತು.

"ಮೇಡಂ, ತೋಟದಲ್ಲಿ ಗುದ್ದಲಿ ಹಿಡಿದು ನಿಂತಿದ್ದೀವಿ. ಒಂದು ಸಾಲು ಖಾಲಿ ಮಾಡ್ಬೇಕಲ್ಲ, ಅರೇಬಿಕಾ ಕೀಳೋದೋ, ರೊಬಸ್ಟಾ ಕೀಳೋದೋ?"