ಖಾಜಾ ಪೀರ್ ಕೆರೆಯ ಆಳ ಅಳೆದದ್ದು

ಖಾಜಾ ಪೀರ್ ಸಾಹೇಬರು ಯಂತ್ರವನ್ನು ಬಿಚ್ಚುವ ಮೊದಲು ಅದರ ಅಹವಾಲು ಕೇಳುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳಲ್ಲಿ ಹೆಂಗಸರು ಮಾತು ನಿಲ್ಲಿಸುತ್ತಾರೆ. ಅರವತ್ತೆಂಟರ ವಯಸ್ಸು, ಸಲಕರಣೆಯ ಚೀಲ ಹೊತ್ತು ಹೊತ್ತು ಬಲಕ್ಕೆ ವಾಲಿದ ನಡಿಗೆ, ಬೇಸಿಗೆಯಲ್ಲೂ ಬಿಡದ ಬೂದು ಕೋಟು. ಅದರ ಜೇಬುಗಳಲ್ಲಿ ವಾಷರು, ದಾರ, ಏಲಕ್ಕಿಗಳು ಅನ್ಯೋನ್ಯವಾಗಿ ಬಾಳುತ್ತವೆ. ಕೆಲಸ ಮುಗಿದರೂ ಅವರು ‘ಆಯ್ತು’ ಎನ್ನುವವರಲ್ಲ, ‘ಇನ್ನೊಂದ್ಸಲ ನೋಡಣಪ್ಪ’ ಎನ್ನುತ್ತಾರೆ. ಹಾಗೆ ನೋಡುತ್ತ ನೋಡುತ್ತ ನಮ್ಮ ಮನೆಯ ಮಿಕ್ಸಿಯನ್ನು ಒಂದು ತಿಂಗಳು ಇಟ್ಟುಕೊಂಡಿದ್ದರು.

ಸಾದಲಿಯ ಕಡೆಯ ಕೆರೆಯೊಂದು ವರ್ಷಗಟ್ಟಲೆ ಒಣಗಿದ್ದಾಗ ಮಣ್ಣು ತೆಗೆಯುವವರು ಅದರ ಒಡಲನ್ನು ಮನಬಂದಂತೆ ಬಗೆದಿದ್ದರು. ಈಗ ನೀರು ತುಂಬಿ, ಆ ಗುಂಡಿಗಳೆಲ್ಲ ಪ್ರಶಾಂತವಾದ ಒಂದೇ ಮಟ್ಟದ ಕೆಳಗೆ ಅಡಗಿವೆ. ಹೋದ ವರ್ಷ ಬಟ್ಟೆ ಒಗೆಯುವ ಆದಿಲಕ್ಷ್ಮಮ್ಮನ ಮೊಮ್ಮಗಳು ಲಾವಣ್ಯ, ತೂಬಿನ ಬಳಿ ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆ ಮುಂದಿಟ್ಟು ಮುಳುಗಿದಳು. ಜಡೆ ಅಜ್ಜಿಯ ಕೈಗೆ ಸಿಕ್ಕಿದ್ದರಿಂದ ಉಳಿದಳು. ಅಂದಿನಿಂದ ಯಾರೂ ಕೆರೆಗೆ ಇಳಿದಿರಲಿಲ್ಲ. ಕೊನೆಗೆ ಊರವರು ಪುಟ್ಟದೊಂದು ಫೈಬರ್ ದೋಣಿಯನ್ನೂ ಆಳ ಅಳೆಯುವ ಯಂತ್ರವನ್ನೂ ತರಿಸಿ, ಗುಂಡಿಯಿರುವಲ್ಲೆಲ್ಲ ಕೆಂಪು ಬಳಿದ ಕ್ಯಾನುಗಳನ್ನು ಕಲ್ಲು ಕಟ್ಟಿ ತೇಲಿಬಿಡಲು ನಿಶ್ಚಯಿಸಿದರು. ಕ್ಯಾನಿಲ್ಲದ ಕಡೆ ಮಕ್ಕಳೂ ನಿರ್ಭಯವಾಗಿ ಇಳಿಯಬಹುದು.

ಯಂತ್ರ ಕೂಡಿಸುವ ಹೊಣೆ ಖಾಜಾ ಪೀರರ ಪಾಲಿಗೆ ಬಂತು. ನೀರೊಳಕ್ಕೆ ಸದ್ದು ಕಳಿಸಿ, ತಳಕ್ಕೆ ತಾಗಿ ಮರಳುವ ದನಿಯಿಂದ ಆಳ ತಿಳಿಯುವ ಸೆನ್ಸರನ್ನು ಅವರು ದೋಣಿಯ ಹಿಂಬದಿಗೆ, ನೀರು ತಳ್ಳುವ ಮೋಟಾರಿನ ಫ್ಯಾನಿನ ಪಕ್ಕದಲ್ಲೇ ಬಿಗಿದರು. ದೋಣಿ ನಿಲ್ಲಿಸಿ, ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ತಕ್ಕಡಿಯ ಕಲ್ಲು ಕಟ್ಟಿ ಇಳಿಬಿಟ್ಟರು. ಹಗ್ಗವೂ ಯಂತ್ರದ ಪರದೆಯೂ ಒಂದೇ ಲೆಕ್ಕ ಹೇಳಿದವು. ಕೆಲಸದ ವರದಿ ಬರೆಯಲು ಬಂದಿದ್ದ ಎಂಜಿನಿಯರ್ ವೇಣು ಫೋಟೊ ತೆಗೆದರು. ದೋಣಿ ಕೆರೆಯನ್ನೆಲ್ಲ ಸುತ್ತಿತು, ಅಲ್ಲಲ್ಲಿ ನಾಲ್ಕು ಕ್ಯಾನು ಬಿದ್ದವು, ಮಧ್ಯಾಹ್ನದ ಹೊತ್ತಿಗೆ ಊರವರು ಚಪ್ಪಾಳೆಯನ್ನೂ ತಟ್ಟಿದರು.

ಆಗ ಆದಿಲಕ್ಷ್ಮಮ್ಮ ಕೇಳಿದರು: “ಪೀರಣ್ಣ, ನಾಳೆಯಿಂದ ಒಗೆಯೋ ಬಂಡೆ ಹತ್ರ ಇಳೀಬಹುದಾ? ಮಣ್ಣು ತೆಗೆಯೋವಾಗ ಅಲ್ಲಿ ಲಾರಿ ಇಳಿದ್ರೆ ಕಾಣ್ತಿರ್ಲಿಲ್ಲ ಅಂತಾರಲ್ಲ.”

“ಅಲ್ಲಿ ಮೂರೇ ಅಡಿ ತೋರ್ಸಿದೆಯಮ್ಮ” ಎಂದರು ವೇಣು.

ಖಾಜಾ ಪೀರರು ಹಗ್ಗ ಎತ್ತಿಕೊಂಡು ಮತ್ತೆ ದೋಣಿ ಹತ್ತಿದರು. ಬಂಡೆಯ ಮುಂದೆ ಮೋಟಾರು ಆರಿಸಿ ಹಗ್ಗ ಬಿಟ್ಟರೆ, ಗಂಟುಗಳು ಬೆರಳಿನ ಸಂದಿಯಿಂದ ಒಂದೊಂದಾಗಿ ಜಾರಿ ಹದಿನೇಳಕ್ಕೆ ನಿಂತವು. ಕ್ಷಣ ಬಿಟ್ಟು ಪರದೆಯೂ ಹದಿನೇಳನ್ನೇ ತೋರಿಸಿತು. ಅವರಿಗೆ ಎಲ್ಲ ಅರ್ಥವಾಯಿತು: ಓಡುವಾಗ ಫ್ಯಾನು ಎಬ್ಬಿಸಿದ ಗುಳ್ಳೆಗಳಿಗೆ ತಾಗಿ ಸದ್ದು ನಡುದಾರಿಯಿಂದಲೇ ಮರಳುತ್ತಿತ್ತು. ತಾವು ಪರೀಕ್ಷಿಸಿದ್ದು ನಿಂತ ದೋಣಿಯನ್ನು ಮಾತ್ರ.

“ಮಿಷಿನ್ ಫಾಲ್ಟ್ ಅಂತ ಬರ್ದು ಕಳಿಸ್ತೀನಿ ಬಿಡಿ ಸಾಬ್ರೆ, ನಿಮ್ಮ ಹೆಸರ್ಯಾಕೆ” ಎಂದರು ವೇಣು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

“ಮಿಷಿನ್ ಸರಿಗಿದೆ ಸಾರ್. ಖಾಜಾ ಪೀರ್ ಜಾಗ ತಪ್ಪಿ ಕೂಡ್ಸಿದ ಅಂತ್ಲೇ ಬರೀರಿ. ನಾಳೆ ಇನ್ನೊಂದು ಕೆರೇಲಿ ಯಾರಾದ್ರೂ ಹಿಂಗೇ ಕೂಡ್ಸಿದ್ರೆ?”

ದಡಕ್ಕೆ ಬಂದು ಅವರು ಆದಿಲಕ್ಷ್ಮಮ್ಮನಿಗೆ ಕೈ ಮುಗಿದರು. “ಅಮ್ಮ, ನಂದೇ ತಪ್ಪು. ಎರಡು ದಿನ ಯಾರೂ ಇಳೀಬೇಡಿ.”

“ಅದಕ್ಕೆಲ್ಲ ಕೈ ಮುಗೀತಾರಾ? ಬೆಳಗ್ಗಿಂದ ಉಂಡಿಲ್ಲ ನೀವು, ಬನ್ನಿ” ಎಂದು ಆಕೆ ಗದರಿದರು.

ಎರಡು ದಿನ ಖಾಜಾ ಪೀರರು ಸೆನ್ಸರನ್ನು ಫ್ಯಾನಿನಿಂದ ದೂರಕ್ಕೆ, ಇನ್ನೂ ಕೆಳಗೆ ಕಟ್ಟಿ, ದೋಣಿ ಓಡಿಸಿ, ಹತ್ತು ಮಾರಿಗೊಮ್ಮೆ ನಿಲ್ಲಿಸಿ, ಹಗ್ಗ ಇಳಿಸಿ ನೋಡಿದರು. ನಾಲ್ಕಿದ್ದ ಕ್ಯಾನು ಹನ್ನೊಂದಾದವು. ಮೂರನೆಯ ದಿನ ಲಾವಣ್ಯ ಲಂಗ ಎತ್ತಿ ಹಿಡಿದು ಬಂಡೆಯ ಈಚೆಗೆ, ಕ್ಯಾನಿಲ್ಲದ ಕಡೆ ಕಾಲಿಟ್ಟಾಗ, ನೀರು ಮೊಣಕಾಲಿಗೇ ನಿಂತದ್ದನ್ನು ಕಂಡು ಆ ಮುದುಕರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಜಾಣರಾದ ಕುಶಲಕರ್ಮಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಎಲ್ಲರೂ ಮೆಚ್ಚಿ ಮನೆಗೆ ಹೊರಟ ಹೊತ್ತಿನಲ್ಲಿ ತಮ್ಮ ಕೆಲಸವನ್ನೇ ಅನುಮಾನಿಸಿ ಹಿಂದಿರುಗುವವರು ವಿರಳ; ಅವರು ಕೈ ಮುಗಿದು ಒಪ್ಪಿಕೊಂಡ ತಪ್ಪಿನ ಮೇಲೆಯೇ ಮಕ್ಕಳು ಧೈರ್ಯವಾಗಿ ಹೆಜ್ಜೆಯಿಡುತ್ತಾರೆ.