ತನೀಷ್ ಕಲಿತ ಉಸಿರು

ಅಮೋಲ್ ನಿಜವಾಗಿಯೂ ನನ್ನ ದನಿಯನ್ನೇ ಇಡುತ್ತಾನೆಯೇ, ಅಥವಾ ನಾನು ಮನಸ್ಸಿಟ್ಟು ಹಾಡಲಿ ಎಂದು ಅಂದನೇ? ನಿಜವಾದರೆ ಹೇಳುವಾಗ ಕಣ್ಣು ತಪ್ಪಿಸಿದ್ದೇಕೆ? ತಪ್ಪಿಸಿದನೋ, ಸುಮ್ಮನೆ ಕಂಪ್ಯೂಟರಿನ ಕಡೆ ತಿರುಗಿದನೋ? ಹೋದ ಸಲವೂ ಹೀಗೇ ಆಗಿತ್ತು. ಇಲ್ಲ, ಹೋದ ಸಲ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಆಗ ನೋಡೋಣ ಅಂದಿದ್ದ. ಈಗ ಇಡೋಣ ಅಂದಿದ್ದಾನೆ. ಈ ಎರಡರ ನಡುವೆ ಎಷ್ಟು ಅಂತರ?

ಹೆಡ್‌ಫೋನಿನಲ್ಲಿ ಸಂಗೀತ ನಿರ್ದೇಶಕ ಅಮೋಲ್‌ನ ದನಿ ಬಂತು. "ಎಲ್ಲಿ ಹೋದ್ಯೋ ಸೃಜನ್? ಮ್ಯಾಲಿನ ಸಾಲು ಇನ್ನೊಮ್ಮೆ ತಗೊಳ್ಳೋಣೇನ?"

"ತಗೊಳ್ಳುವ."

"ಸ್ಕ್ರ್ಯಾಚ್ ಅಂತ ಹಾಡಬ್ಯಾಡಪಾ. ಖರೇನ ನಿಂದ ಹಾಡು ಅಂತ ತಿಳಕೊಂಡು ಹಾಡು."

ಸೃಜನ್ ಕಣ್ಣು ಮುಚ್ಚಿದ. ಹಾಡು ಏರುವ ಜಾಗದ ಸ್ವಲ್ಪ ಮೊದಲು ಅವನು ಎಂದಿನಂತೆ ಅರ್ಧ ಉಸಿರು ಎಳೆದು, ಅದನ್ನು ಬಿಡದೆ ಹಿಡಿದು, ಅಲ್ಲಿಂದ ಮೇಲಕ್ಕೆ ಹೋದ. ಹಾಡಿ ಮುಗಿಸಿದಾಗ ಗಾಜಿನಾಚೆ ಅಮೋಲ್ ಎರಡೂ ಕೈ ಎತ್ತಿದ್ದು ಕಂಡಿತು.

ಮುಂಬೈಯ ಗೋರೆಗಾಂವ್‌ನ ಆ ಸ್ಟುಡಿಯೋದಲ್ಲಿ ಸೃಜನ್ ಕೆಲವು ವರ್ಷಗಳಿಂದ ಮಾಡುತ್ತಿದ್ದ ಕೆಲಸ ಇದೇ. ಹೊಸ ರಾಗ ತಯಾರಾದಾಗ ಯಾರಾದರೊಬ್ಬರ ಕೈಲಿ ಹಾಡಿಸಿ ಇಟ್ಟುಕೊಳ್ಳುತ್ತಾರೆ. ಅದು ಸ್ಕ್ರ್ಯಾಚ್. ಹೆಸರುಳ್ಳವರು ಬಂದು ಅದನ್ನು ಕೇಳುತ್ತಾರೆ, ಕಲಿಯುತ್ತಾರೆ, ಹಾಡುತ್ತಾರೆ. ಆಮೇಲೆ ಮೊದಲಿನ ದನಿಯನ್ನು ಅಳಿಸುತ್ತಾರೆ. ಎಲ್ಲೋ ಒಮ್ಮೊಮ್ಮೆ ಸ್ಕ್ರ್ಯಾಚ್ ದನಿಯೇ ಚೆನ್ನಾಗಿದೆ ಎಂದು ಅದನ್ನೇ ಉಳಿಸಿಕೊಳ್ಳುವುದೂ ಉಂಟು. ಸ್ಕ್ರ್ಯಾಚ್ ಹಾಡುವ ಎಲ್ಲರಿಗೂ ಹಾಗೆ ಉಳಿದ ಒಬ್ಬನ ಕತೆ ಗೊತ್ತಿರುತ್ತದೆ.

ಹೊರಗೆ ಬಂದಾಗ ಅಮೋಲ್ ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದ: "ಪಿಚ್ಚರ್‌ನ್ಯಾಗಿನ ಆ ಹುಡುಗ ತನೀಷ್‌ಗ ಇಷ್ಟು ಮ್ಯಾಲೆ ಹೋಗಾಕ ಬರಂಗಿಲ್ಲ. ಹದಿನಾರು ವರ್ಷದಾವ. ಮುಖ ಛಲೋ ಐತಿ, ದನಿ ಇನ್ನೂ ಕೂತಿಲ್ಲ. ನಿನ್ನ ದನೀನ ಇಡೂಣು ಅಂತ ಮಾಡೇನಿ. ಕಂಪನಿಯವರ ಜೋಡಿ ನಾ ಮಾತಾಡ್ತೀನಿ."

"ಇದನ್ನು ಯಾರಿಗಾದರೂ ಹೇಳಬಹುದಾ?"

ಅಮೋಲ್ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. "ನಿಮ್ಮ ಪಪ್ಪಾಗ ಹೇಳು ಬೇಕಂದ್ರ."

ಸೃಜನ್‌ಗೆ ಈಗ ಇಪ್ಪತ್ತೆಂಟು. ಹದಿನೈದರಲ್ಲಿ ಅವನು ಹಿಂದಿ ಧಾರಾವಾಹಿಯೊಂದರಲ್ಲಿ ಶಾಲೆಯ ಬ್ಯಾಂಡಿನ ಹಾಡುಗಾರ ವೀರ್ ಆಗಿದ್ದ. ನಟನೆ ಅವನದೇ, ಹಾಡೂ ಅವನದೇ. ಆ ವರ್ಷಗಳಲ್ಲಿ ಹುಡುಗಿಯರ ಕಂಪಾಸ್ ಪೆಟ್ಟಿಗೆಗಳ ಮೇಲೆ ಅವನ ಮುಖವಿತ್ತು. ಆಂಟಾಪ್ ಹಿಲ್‌ನ ಅವರ ಬಿಲ್ಡಿಂಗಿಗೆ ಪಕ್ಕದ ಕಾಲೊನಿಯ ಹೆಂಗಸರು ತಮ್ಮ ನೆಂಟರನ್ನು ಕರೆದುಕೊಂಡು ಬರುತ್ತಿದ್ದರು. ಅಮ್ಮ ಶೀಲಾವತಿ ಎಲ್ಲರಿಗೂ ಚಹಾ ಮಾಡುತ್ತಿದ್ದಳು. ಅವನು ಗಂಜಿ ಉಣ್ಣುವುದನ್ನು ಅವರು ನಿಂತು ನೋಡುತ್ತಿದ್ದರು. "ಅರೆ, ವೀರ್ ಹಮಾರೆ ಜೈಸಾ ಹೀ ಖಾತಾ ಹೈ," ಎಂದು ಒಬ್ಬಳು, ಇವನೂ ನಮ್ಮ ಹಾಗೇ ತಿನ್ನುತ್ತಾನಲ್ಲ ಎಂಬ ಬೇಸರದಿಂದ ಹೇಳಿದ್ದು ಅವನಿಗೆ ಇನ್ನೂ ನೆನಪಿದೆ.

ಹದಿನೆಂಟು ತುಂಬದವರು ಸೆಟ್ಟಿಗೆ ಬಂದರೆ ಮನೆಯವರೊಬ್ಬರು ಇಡೀ ದಿನ ಜೊತೆಗಿರಬೇಕು. ಪಪ್ಪ ದೂಜ ಆಗ ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರ್. ಕಪ್ ತೊಳೆಯಲು ಸೇರಿ ಆ ಜಾಗಕ್ಕೆ ಬಂದವನು. ಮಗನಿಗಾಗಿ ಅದನ್ನು ಬಿಟ್ಟ. ಫಿಲ್ಮ್ ಸಿಟಿಯ ಸೆಟ್ಟಿನ ಹೊರಗೆ, ರೆಕಾರ್ಡಿಂಗ್ ಕೋಣೆಯ ಹೊರಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಒಳಗೆ ಮಗ ಹಾಡುವುದು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಅವನು ಒಂದು ದಿನವೂ ಚೆನ್ನಾಗಿತ್ತು ಎನ್ನಲಿಲ್ಲ. ಹೊರಗೆ ಬಂದ ಮಗನಿಗೆ ಬಿಸಿನೀರಿನ ಫ್ಲಾಸ್ಕ್ ಕೊಟ್ಟು, "ಗಂಟಲು ನೋಯುತ್ತದಾ?" ಎಂದು ಕೇಳುತ್ತಿದ್ದ, ಅಷ್ಟೇ.

ಧಾರಾವಾಹಿ ಮುಗಿಯಿತು. ಸೃಜನ್‌ನನ್ನು ಯಾರೂ ತೆಗೆದುಹಾಕಲಿಲ್ಲ, ಕರೆಯುವುದನ್ನು ಬಿಟ್ಟರು. ಒಂದು ಆಡಿಷನ್ನಿನಲ್ಲಿ, ಇದು ವೀರ್‌ನ ಮುಖ, ಇದನ್ನು ಇನ್ನೊಬ್ಬ ಎಂದರೆ ಜನ ಒಪ್ಪುವುದಿಲ್ಲ ಎಂದರು. ಮುಂದೆ ಒಂದರಲ್ಲಿ, ನೀನು ಈಗ ವೀರ್‌ನ ಹಾಗೆ ಕಾಣುವುದಿಲ್ಲವಲ್ಲ ಎಂದರು. ಮಾಲ್‌ಗಳಲ್ಲಿ, ಕಾಲೇಜು ಹಬ್ಬಗಳಲ್ಲಿ ಅದೇ ಹಳೆಯ ಹಾಡನ್ನು ಹಾಡಿಸಿದರು. ನಂತರ ಅದೂ ನಿಂತಿತು. ಬಿಟ್ಟ ಓದು ಬಿಟ್ಟೇ ಹೋಯಿತು. ದೂಜ ಮತ್ತೆ ಕೆಲಸ ಹುಡುಕಿದಾಗ ಅವನಿಗಿಂತ ಚಿಕ್ಕವರು ಮ್ಯಾನೇಜರ್ ಆಗಿದ್ದರು. ಈಗ ಅವನು ಮಲಾಡ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾನೆ. ಹಿಂದೆ ಏನಾಗಿತ್ತೆಂದು ತಂದೆ ಮಗ ಮಾತಾಡಿಕೊಂಡದ್ದೇ ಇಲ್ಲ. ಮನೆಯಲ್ಲಿ ಟಿವಿ ಹಾಕಿದರೆ ಇಬ್ಬರಲ್ಲಿ ಒಬ್ಬರು ಎದ್ದು ಬಾಲ್ಕನಿಗೆ ಹೋಗುತ್ತಾರೆ.

ಆ ಸಂಜೆ ಸೃಜನ್ ಸ್ಟುಡಿಯೋದಿಂದ ಮನೆಯ ಕಡೆ ಹೋಗದೆ ಮಲಾಡ್‌ಗೆ ಹೋದ. ಹೇಳಬಾರದು ಎಂದುಕೊಂಡೇ ಹೋಟೆಲಿನ ಮೆಟ್ಟಿಲು ಹತ್ತಿದ. ಗಲ್ಲಾದ ಮುಂದೆ ನಿಂತಾಗ ಬಾಯಿ ತಾನಾಗಿ ತೆರೆಯಿತು.

"ಪಪ್ಪಾ, ಈ ಸಲ ನನ್ನದೇ ಇಡುತ್ತಾರಂತೆ. ತನೀಷ್ ಅಂತ ಹೊಸ ಹುಡುಗನ ಪಿಚ್ಚರಿನ ಹಾಡು."

ದೂಜ ಚಿಲ್ಲರೆ ಕೊಡುತ್ತಿದ್ದ ಕೈ ನಿಲ್ಲಿಸಿದ. "ನಿನ್ನ ಹೆಸರು ಬರುತ್ತದಾ?"

"ಬರಬೇಕು."

"ಎಂತ ಬರಬೇಕು? ಬರುತ್ತದಾ ಇಲ್ಲವಾ ಹೇಳು ಮಾರಾಯ."

"ಬರುತ್ತದೆ."

ದೂಜ ಚಿಲ್ಲರೆ ಕೊಟ್ಟು ಮುಗಿಸಿದ. ಸಪ್ಲೈಯರ್ ಸುಕೇಶ್‌ನನ್ನು ಕರೆದು, "ಇವನಿಗೆ ಒಂದು ಬಿಸಿ ಹಾಲು ಕೊಡು," ಎಂದ. ಸುಕೇಶ್ ನಗುತ್ತ, "ಹಾಲಾ? ವೀರ್ ಭಾಯಿಗೆ ಇನ್ನೂ ಮೀಸೆ ಬರಲಿಲ್ಲವಾ ದೂಜಣ್ಣ?" ಎಂದು ಕೇಳಿ ಒಳಗೆ ಓಡಿದ.

ಮೂರು ವಾರದ ನಂತರ ಅಮೋಲ್ ಫೋನ್ ಮಾಡಿದ. ಸ್ಟುಡಿಯೋಗೆ ಬಾ, ಸ್ವಲ್ಪ ಕೆಲಸ ಇದೆ ಎಂದ. ಏನು ಕೆಲಸ ಎಂದು ಹೇಳಲಿಲ್ಲ, ಸೃಜನ್ ಕೇಳಲೂ ಇಲ್ಲ. ಲೋಕಲ್‌ನಲ್ಲಿ ಬಾಗಿಲ ಬಳಿ ನಿಂತಿದ್ದಾಗ ಅವನಿಗೆ ಹೆಚ್ಚುಕಡಿಮೆ ತಿಳಿದಿತ್ತು. ತಿಳಿದೂ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

ರೆಕಾರ್ಡಿಂಗ್ ಕೋಣೆಯ ಹೊರಗೆ ಕುರ್ಚಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ತೊಡೆಯ ಮೇಲೆ ಹುಡುಗನೊಬ್ಬನ ಜಾಕೆಟ್ಟು, ನೀರಿನ ಬಾಟಲಿ. ಸೃಜನ್‌ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎಲ್ಲಿ ಕಂಡದ್ದೆಂದು ಹೊಳೆಯದೆ, ಫೋನಿಗೆ ಮರಳಿದಳು.

ಒಳಗೆ ತನೀಷ್ ಎದ್ದು ಬಂದು ಅವನ ಕಾಲು ಮುಟ್ಟಿದ. ಎತ್ತರದ, ಬೆಳ್ಳಗಿನ, ನಾಚಿಕೆಯ ಹುಡುಗ. "ಭಯ್ಯಾ, ನನ್ನ ದೀದಿಗೆ ನೀವಂದ್ರೆ ಪೂರಾ ಹುಚ್ಚು," ಎಂದು ಹಿಂದಿಯಲ್ಲಿ ಶುರುಮಾಡಿದ. "ನಿಮ್ಮ ಸ್ಕ್ರ್ಯಾಚನ್ನು ನಾನು ದಿನಾ ಕೇಳಿದೆ. ಮಲಗುವಾಗ, ಜಿಮ್ಮಿನಲ್ಲಿ, ಗಾಡಿಯಲ್ಲಿ. ಮೇಲೆ ಹೋಗುವ ಮೊದಲು ನೀವು ಒಂದು ಅರ್ಧ ಉಸಿರು ಎಳೆಯುತ್ತೀರಲ್ಲ, ಅದು ಸಿಕ್ಕಿದ ಮೇಲೆ ಎಲ್ಲ ಬಂತು. ಸರಿಯಾಗಿದೆಯಾ ಅಂತ ನೀವೇ ಹೇಳಬೇಕು."

ಹುಡುಗ ಹಾಡಿದ. ಸೃಜನ್ ಗಾಜಿನ ಈಚೆ ಕೂತು ಕೇಳಿದ. ಒಂದು ಕಡೆಯೂ ತಪ್ಪಲಿಲ್ಲ. ಏರುವ ಮೊದಲಿನ ಉಸಿರು ಸರಿಯಾಗಿ ಅದೇ ಜಾಗದಲ್ಲಿ ಬಂತು, ಅಷ್ಟೇ ಬಂತು, ಅಷ್ಟೇ ಹೊತ್ತು ನಿಂತಿತು. ಅದನ್ನು ಸೃಜನ್‌ಗೆ ಯಾರೂ ಕಲಿಸಿರಲಿಲ್ಲ. ಹದಿಮೂರರ ವಯಸ್ಸಿಗೆ ಬಿಡದೆ ಕೆಮ್ಮಿದ ಒಂದು ಮಳೆಗಾಲದಲ್ಲಿ, ಪೂರ್ತಿ ಉಸಿರು ಎಳೆದರೆ ಕೆಮ್ಮು ಬರುತ್ತದೆಂಬ ಹೆದರಿಕೆಯಿಂದ ಅಂಟಿಕೊಂಡ ಚಾಳಿ ಅದು. ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ ಎಂದು ಅವನಿಗೆ ತಿಳಿದದ್ದು ಈಗ, ಇನ್ನೊಬ್ಬನ ಬಾಯಲ್ಲಿ ಕೇಳಿದಾಗ.

"ಸರಿ ಇದೆ," ಎಂದ. "ತುಂಬಾ ಸರಿ ಇದೆ."

ಹುಡುಗ ತಾಯಿಗೆ ಹೇಳಲು ಹೊರಗೆ ಓಡಿದ. ಅಮೋಲ್ ಕುರ್ಚಿಯಲ್ಲಿ ಅತ್ತಿತ್ತ ತಿರುಗಿದ. "ಕಂಪನಿಯವರು ಒಪ್ಪಲಿಲ್ಲೋ. ಹುಡುಗಂದ ಮುಖ, ಹುಡುಗಂದ ದನಿ ಬೇಕಂತ. ನನ್ನ ಕೈಯಾಗ ಏನೂ ಇಲ್ಲ."

"ಗೊತ್ತು."

"ಸಿಟ್ಟು ಬಂತೇನ?"

"ಇಲ್ಲ."

"ಬೈಯರೆ ಬೈಯೋ. ಹಿಂಗ ಸುಮ್ಮ ಕುಂತ್ರ ನನಗ ಹೆಂಗೋ ಆಗ್ತೈತಿ."

ಸೃಜನ್ ಬೈಯಲಿಲ್ಲ. ಬೈಯಲು ಬೇಕಾದಷ್ಟು ಆಸೆ ಉಳಿದಿರಲಿಲ್ಲ. ಹಿಂತಿರುಗುವಾಗ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಒಂದು ನಿರ್ಧಾರ ಮಾಡಿದ. ಶಾಲೆಯ ಗೆಳೆಯ ಅನಿಲ ಮಲಾಡ್‌ನ ಒಂದು ಕಾಲ್ ಸೆಂಟರಿನಲ್ಲಿ ಕೆಲಸ ಕೊಡಿಸುತ್ತೇನೆಂದು ಹಿಂದಿನಿಂದ ಹೇಳುತ್ತಿದ್ದ. ಅವನಿಗೆ ಫೋನ್ ಮಾಡಿ, ಮುಂದಿನ ತಿಂಗಳಿಂದ ಬರುತ್ತೇನೆ ಎಂದ. ಇನ್ನು ಹಾಡುವುದು ಬೇಡ. ಹಾಗೆ ಅಂದುಕೊಂಡ ಮೇಲೆ ಅಳು ಬರುತ್ತದೆಂದು ಕಾದ. ಬರಲಿಲ್ಲ. ತಲೆ ಹಗುರವಾದ ಹಾಗೆ ಅನ್ನಿಸಿತು, ಅಷ್ಟೇ.

ಪಪ್ಪನಿಗೆ ಹೇಳುವುದೊಂದು ಬಾಕಿ ಇತ್ತು. ಇವತ್ತು, ನಾಳೆ ಎನ್ನುತ್ತ ದಿನಗಳು ಹೋದವು. ಒಂದು ಶುಕ್ರವಾರ ಹಾಡು ಬಿಡುಗಡೆಯಾಯಿತು. ಪಪ್ಪ ಬೇರೆಯವರಿಂದ ಕೇಳುವ ಮೊದಲು ತಾನೇ ಹೇಳಬೇಕೆಂದು ಸೃಜನ್ ಮಧ್ಯಾಹ್ನದ ಊಟದ ಗಿರಾಕಿಗಳು ಹೋಗುವ ಹೊತ್ತಿಗೆ ಹೋಟೆಲಿಗೆ ಹೋದ. ಮೆಟ್ಟಿಲ ಮೇಲೆ ಇದ್ದಾಗಲೇ ಒಳಗಿಂದ ಹಾಡು ಕೇಳಿಸಿತು.

ಗಲ್ಲಾದ ಮೇಲೆ ಸುಕೇಶ್‌ನ ಫೋನನ್ನು ಸ್ಪೀಕರಿಗೆ ಹಚ್ಚಿ ಇಟ್ಟಿದ್ದರು. ಸಪ್ಲೈಯರ್‌ಗಳು ಸುತ್ತ ನಿಂತಿದ್ದರು. ಒಂದು ತಟ್ಟೆಯಲ್ಲಿ ಕತ್ತರಿಸಿದ ಮೈಸೂರು ಪಾಕು. ದೂಜ ಗಲ್ಲಾ ಬಿಟ್ಟು ಎದ್ದು ನಿಂತಿದ್ದ. ಕೆಲಸದ ಹೊತ್ತಿನಲ್ಲಿ ಅವನು ಹಾಗೆ ನಿಂತದ್ದನ್ನು ಸೃಜನ್ ನೋಡಿರಲಿಲ್ಲ.

"ಬಾ, ಬಾ!" ಎಂದ ದೂಜ. ಮಗನನ್ನೂ ಫೋನನ್ನೂ ತೋರಿಸುತ್ತ ಒಬ್ಬ ಹಳೆಯ ಗಿರಾಕಿಗೆ ಹಿಂದಿಯಲ್ಲಿ, "ಯೇ ಮೇರಾ ಲಡ್ಕಾ. ಇಸೀ ಕಾ ಗಾನಾ," ಎಂದ.

"ಪಪ್ಪಾ, ಒಂದು ನಿಮಿಷ ಹೊರಗೆ ಬಾ. ಹೇಳುವುದುಂಟು."

"ಇರು, ಇರು. ಈ ಜಾಗ ಮುಗಿಯಲಿ."

ಹಾಡು ಏರುವ ಜಾಗ ಬಂತು. ಆ ಅರ್ಧ ಉಸಿರು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ದೂಜ ಕೈ ಎತ್ತಿದ.

"ಕೇಳಿದಿರಾ? ಅದು ಇವನದ್ದು. ಹಾಗೆ ಉಸಿರು ತೆಗೆಯುವವರು ಬೇರೆ ಯಾರೂ ಇಲ್ಲ. ನಾನು ಬಾಗಿಲ ಹೊರಗೆ ಕೂತು ಎಷ್ಟು ವರ್ಷ ಕೇಳಿದ್ದೇನೆ! ಕತ್ತಲೆಯಲ್ಲಿ ಕೇಳಿದರೂ ಹೇಳಿಯೇನು."

ಸುಕೇಶ್ ಫೋನಿನ ಪರದೆ ನೋಡಿದ. ಅಲ್ಲಿ ಹಾಡಿದವನ ಹೆಸರು ಇತ್ತು, ತನೀಷ್ ಎಂದು. ಅವನು ತಲೆ ಎತ್ತಿ ಸೃಜನ್‌ನನ್ನು ನೋಡಿದ. ಇನ್ನೊಬ್ಬ ಸಪ್ಲೈಯರ್, "ತೋರಿಸಾ, ಫೋಟೋ ಉಂಟಾ?" ಎಂದು ಬಗ್ಗಿದಾಗ ಸುಕೇಶ್ ಫೋನನ್ನು ಎತ್ತಿ ಕಿಸೆಗೆ ಹಾಕಿಕೊಂಡ. "ಚಾರ್ಜ್ ಇಲ್ಲ ಮಾರಾಯ. ಹೋಗು, ಆರನೇ ಟೇಬಲ್ ಸಾಫ್ ಮಾಡು," ಎಂದ.

ಎಲ್ಲರೂ ಚದುರಿದರು. ದೂಜ ಮಗನನ್ನು ಅಡುಗೆಮನೆಯ ಹಿಂದಿನ ಬಾಗಿಲಿಗೆ ಕರೆದುಕೊಂಡು ಹೋದ. ಅಲ್ಲಿ ಈರುಳ್ಳಿ ಮೂಟೆಗಳ ಪಕ್ಕದಲ್ಲಿ ನಿಂತ.

"ಎಂತ ಹೇಳಬೇಕಿತ್ತು ನಿನಗೆ?"

ಸೃಜನ್ ಬಾಯಿ ತೆರೆಯುವ ಮೊದಲೇ ಅವನು ಮುಂದುವರಿಸಿದ. "ಮೊದಲು ನನ್ನದು ಕೇಳು. ನಿನ್ನ ಅಮ್ಮ ಆಗ ಹೇಳಿದ್ದಳು, ಹುಡುಗನ ಶಾಲೆ ತಪ್ಪಿಸಬೇಡಿ ಅಂತ. ನಾನು ಕೇಳಲಿಲ್ಲ. ನನಗೇ ಹುಚ್ಚು ಹಿಡಿದಿತ್ತು. ನಿನಗೆ ಅಷ್ಟು ಮನಸ್ಸಿತ್ತಾ ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಆಮೇಲೆ ನೀನು ಹೀಗೆ ಸುಮ್ಮನೆ ಮನೆಯಲ್ಲಿ ಕೂತಾಗ... ನಾನು ಹಾಳು ಮಾಡಿದೆ ಇವನನ್ನು ಅಂತ ಅನ್ನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ನಿನ್ನ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ ಮಗಾ." ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಇವತ್ತು ಸಮಾಧಾನ ಆಯಿತು. ಇನ್ನು ಹೇಗೂ ಹಾಡುತ್ತ ಇರುತ್ತೀಯಲ್ಲ? ಸಾಕು ನನಗೆ."

ಒಳಗೆ ಯಾರೋ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಹಬೆ ಬಾಗಿಲವರೆಗೂ ಬಂತು. ಪಪ್ಪನ ಕನ್ನಡಕ ಮಸುಕಾಯಿತು. ಅವನು ಅದನ್ನು ತೆಗೆಯದೆ ಹಾಗೇ ಮಗನ ಕಡೆ ನೋಡುತ್ತಿದ್ದ.

"ಈಗ ಹೇಳು. ಎಂತ?"

"ಏನಿಲ್ಲ," ಎಂದ ಸೃಜನ್. "ಹಾಡು ಬಂತು ಅಂತ ಹೇಳುವ ಅಂತ ಬಂದದ್ದು."

"ಅದೇ ಹೇಳಲಿಕ್ಕೆ ಹೊರಗೆ ಕರೆದದ್ದಾ? ಒಳ್ಳೆ ಜನ ನೀನು," ಎಂದು ದೂಜ ನಕ್ಕು, ಗಲ್ಲಾಕ್ಕೆ ಹಿಂದಿರುಗಿದ.

ಸ್ಟೇಷನ್ನಿಗೆ ನಡೆಯುವಾಗ ಸೃಜನ್ ಅನಿಲನಿಗೆ ಫೋನ್ ಮಾಡಿ, ಕೆಲಸಕ್ಕೆ ಬರುವುದಿಲ್ಲ ಎಂದ. ಅನಿಲ ಬೈದ, ಇವನು ಕೇಳಿಸಿಕೊಂಡ. ಮರುವಾರ ಅಮೋಲ್‌ನ ಸಂದೇಶ ಬಂತು. ತನೀಷ್‌ನ ಇನ್ನೊಂದು ಹಾಡಿದೆ, ಸ್ಕ್ರ್ಯಾಚ್ ಹಾಡಲು ಬರುತ್ತೀಯಾ ಎಂದು ಕೇಳಿದ್ದ. ಸೃಜನ್ ಬರುತ್ತೇನೆ ಎಂದು ಬರೆದ. ಹೋದ, ಹಾಡಿದ. ಅದನ್ನೂ ಅಳಿಸಿದರು. ಅದರ ಮುಂದಿನದನ್ನೂ.

ಆ ಹಾಡು ತನ್ನದಲ್ಲ ಎಂದಾಗಲಿ, ಅಂದು ತಾನು ಹಾಡುವುದನ್ನೇ ಬಿಡುತ್ತೇನೆಂದು ಹೇಳಲು ಬಂದಿದ್ದೆ ಎಂದಾಗಲಿ, ಸೃಜನ್ ಪಪ್ಪನಿಗೆ ಎಂದೂ ಹೇಳಲಿಲ್ಲ.