ಹಳದಿ ಚುಕ್ಕೆಯ ಬಿಲ್ಲೆ

ವಿಕಿರಣ ಎಣಿಸುವ ಕೌಂಟರ್ ಸದ್ದು ಮಾಡಿದರೆ ಎಲ್ಲರಿಗೂ ಭಯ. ಸದ್ದು ಮಾಡದಿದ್ದರೆ ಅವಳಿಗೆ ಭಯ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಡೈರಿಯಲ್ಲಿ ಒಂದು ಸಾಲು ಬರೆದು, ಯಾರಾದರೂ ಓದಿ ನಕ್ಕಾರು ಎಂದು ತಾನೇ ಅದರ ಮೇಲೆ ಗೀಟು ಎಳೆದಿದ್ದಳು. ವಿಕಿರಣ ಕಣ್ಣಿಗೆ ಕಾಣದು, ಮೂಗಿಗೆ ಸಿಗದು, ಚರ್ಮಕ್ಕೆ ತಾಗಿದರೂ ಗೊತ್ತಾಗದು. ಅದರ ಸುಳಿವು ಕೊಡುವುದು ಆ ಟಿಕ್ ಟಿಕ್ ಒಂದೇ. ಅದೂ ಬಾಯಿ ಮುಚ್ಚಿಕೊಂಡರೆ ನಂಬುವುದು ಯಾರನ್ನು?

ಬಾಯಿ ಮುಚ್ಚಿಕೊಳ್ಳುವುದರಲ್ಲಿ ಅವಳೂ ಏನು ಕಡಿಮೆಯಿರಲಿಲ್ಲ. ಪದವಿ ಮುಗಿಸಿ ಮೇಲಿನ ಓದಿಗೆ ಬಂದಿದ್ದರೂ, ಹಾಜರಿ ಕೂಗುವಾಗ ಅವಳ 'ಎಸ್ ಸರ್' ಮುಂದಿನ ಬೆಂಚನ್ನು ದಾಟುತ್ತಿರಲಿಲ್ಲ. ಮನೆಯಲ್ಲಂತೂ ಅವಳನ್ನು ಕರೆಯುತ್ತಿದ್ದದ್ದೇ 'ಮೌನಿ' ಎಂದು.

ಅಂದು ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ತಂಗಿ ನಾಣ್ಯದಗಲದ ಲೋಹದ ಬಿಲ್ಲೆಯೊಂದನ್ನು ಬುಗುರಿಯ ಹಾಗೆ ತಿರುಗಿಸುತ್ತ ಕೂತಿದ್ದಳು. ತಂಗಿಯೂ ಅದೇ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ. ಅಲ್ಲಿ ಕಿರಿಯರಿಗೆ ವಿಕಿರಣ ಸೂಸುವ ಬಿಲ್ಲೆಯನ್ನು ಕೊಡುವುದಿಲ್ಲ. ನೋಡಲು ಹಾಗೆಯೇ ಇರುವ, ಒಳಗೆ ಏನೂ ಇಲ್ಲದ ನಕಲಿ ಬಿಲ್ಲೆಗಳನ್ನು ಉದ್ದನೆಯ ಇಕ್ಕಳದಲ್ಲಿ ಎತ್ತಿ ಇಡಿಸಿ ಕೈ ಪಳಗಿಸುತ್ತಾರೆ. ನಡುಕ ಹೋದವರಿಗೆ ಮಾತ್ರ ಮುಂದೆ ಅಸಲಿ.

"ಅದನ್ನ ಯಾಕೆ ಮನೆಗೆ ತಂದೆ?"

"ಸರ್ರೇ ಹೇಳಿದ್ದು, ಮನೇಲೂ ಅಭ್ಯಾಸ ಮಾಡಿ ಅಂತ. ನಿನ್ನ ಹಾಗೆ ಇಕ್ಕಳ ಹಿಡಿದು ಗಡಗಡ ನಡುಗೋಕೆ ನನ್ನಿಂದ ಆಗಲ್ಲಮ್ಮ. ಹೋದ ವಾರದಿಂದ ಜೇಬಲ್ಲೇ ಇದೆ. ರಾತ್ರಿ ದಿಂಬಿನ ಪಕ್ಕ. ಮೌನಿಯವರು ಕಣ್ಣಲ್ಲೇ ಬೈತಿದ್ದಾರೆ ನೋಡು!"

ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಒರಗಿದ್ದ ಅಕ್ಕನಿಗೆ ನಗು. ಅವಳಿಗೆ ಏಳು ತಿಂಗಳು. ತಂಗಿ ಬಿಲ್ಲೆಯನ್ನು ಮೆಲ್ಲಗೆ ಅಕ್ಕನ ಹೊಟ್ಟೆಯ ಮೇಲಿಟ್ಟಳು. "ಪಾಪು, ಚಿಕ್ಕಮ್ಮ ಕೊಟ್ಟ ಮೊದಲ ಆಟಿಕೆ. ಒದ್ದು ಬೀಳಿಸು ನೋಡೋಣ."

ಮೂವರೂ ಉಸಿರು ಬಿಗಿಹಿಡಿದು ಕಾದರು. ಬಿಲ್ಲೆ ಅಲುಗಿತು, ಜಾರಿತು.

"ಒದೀತು ಕಣೇ!" ಅಕ್ಕ ಅದನ್ನು ಮಡಿಲಿನಿಂದ ಎತ್ತಿ ತನ್ನ ನಿಲುವಂಗಿಯ ಜೇಬಿಗೆ ಹಾಕಿಕೊಂಡಳು. "ಗೆದ್ದವರಿಗೆ ಬಹುಮಾನ. ಸಂಜೆವರೆಗೂ ಇದು ನಮ್ಮಿಬ್ಬರದು. ನೀವು ಹೊರಡಿ, ಬಸ್ಸು ತಪ್ಪತ್ತೆ."

ಜೇಬಿಗೆ ಇಳಿಯುವಾಗ ಬಿಲ್ಲೆಯ ಅಡಿಯಲ್ಲಿ ಏನೋ ಹಳದಿಯಾಗಿ ಕಂಡಿತು. ಎಲ್ಲಿಯೋ ಬಣ್ಣ ಮೆತ್ತಿರಬೇಕು ಎಂದುಕೊಂಡು ಅವಳು ಬ್ಯಾಗು ಹೆಗಲಿಗೇರಿಸಿದಳು.

ಮಧ್ಯಾಹ್ನದ ಪ್ರಯೋಗದಲ್ಲಿ ಅವಳ ಜೊತೆಗಾತಿ ಪಟಾಕಿ. ಆ ಹುಡುಗಿಗೆ ಆ ಹೆಸರು ಯಾಕೆ ಬಂತೆಂದು ಬಾಯಿ ತೆರೆದರೆ ಸಾಕು, ತಿಳಿಯುತ್ತಿತ್ತು. ಇಬ್ಬರೂ ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡರು. ಮೈಗೆ ಎಷ್ಟು ವಿಕಿರಣ ತಾಗಿತೆಂಬುದನ್ನು ತಿಂಗಳ ಕೊನೆಗೆ ಅದು ಹೇಳುತ್ತದೆ. ನಕಲಿ ಮುಟ್ಟುವ ಕಿರಿಯರಿಗೆ ಬ್ಯಾಡ್ಜ್ ಇಲ್ಲ. ಯಾಕೆ ಬೇಕು?

ಮೊದಲು ಸೀಸದ ಡಬ್ಬಿ ಮುಚ್ಚಿರುವಾಗಲೇ ಕೋಣೆಯ ಬರಿ ಸದ್ದನ್ನು ಎಣಿಸಿದರು. ಟಿಕ್... ಟಿಕ್ ಟಿಕ್... ಟಿಕ್. ಗೋಡೆಯಲ್ಲಿ, ಗಾಳಿಯಲ್ಲಿ ಎಂದೆಂದಿಗೂ ಇರುವಷ್ಟು. ಆಮೇಲೆ ಪಟಾಕಿ ಡಬ್ಬಿಯ ಬೀಗ ತೆಗೆದು, ಅದರಲ್ಲಿದ್ದ ಎರಡು ಬಿಲ್ಲೆಗಳಲ್ಲಿ 'ಜೋರು' ಎಂದು ಬರೆದ ಗುಳಿಯದನ್ನು ಇಕ್ಕಳದಲ್ಲಿ ಎತ್ತಿ ಕೌಂಟರಿನ ನಳಿಗೆಯ ಕೆಳಗೆ ಇಟ್ಟಳು.

ಟಿಕ್... ಟಿಕ್... ಟಿಕ್ ಟಿಕ್.

ಏರಲಿಲ್ಲ.

"ಅಜ್ಜಿ ನಿದ್ದೆ ಹೊಡೀತಿದ್ದಾಳೆ," ಎಂದು ಪಟಾಕಿ ಹಳೆಯ ಯಂತ್ರದ ತಲೆಗೆ ಎರಡು ಮೊಟಕಿದಳು. "ಪಕ್ಕದ ತಂಡದವರಿಗೂ ಮೊನ್ನೆ ಹೀಗೇ ಆಯ್ತಂತೆ. ಸೀನಿಯರ್‌ಗಳ ಹಳೇ ಗ್ರಾಫ್ ನೋಡಿ ಅಂಕಿ ಇಳಿಸಿದರು, ಸರ್ ಸಹಿ ಹಾಕಿದರು. ನಮಗೇನು ಕೋಡಿದೆಯಾ?"

"ಇನ್ನೊಂದು ಬಿಲ್ಲೆ ಇಟ್ಟು ನೋಡೋಣ."

"ಏನಂದೆ? ಸ್ವಲ್ಪ ಜೋರಾಗಿ ಹೇಳೇ ಮಾರಾಯ್ತಿ. ನಿನ್ನ ಮಾತು ಕೇಳೋಕೂ ಒಂದು ಕೌಂಟರ್ ಬೇಕು."

ಮೌನಿಯೇ ಇಕ್ಕಳ ತೆಗೆದುಕೊಂಡು ಡಬ್ಬಿಯಲ್ಲಿ ಉಳಿದಿದ್ದ ದುರ್ಬಲ ಬಿಲ್ಲೆಯನ್ನು ತಂದಿಟ್ಟಳು. ಕಾದ ಬಾಣಲೆಗೆ ನೀರು ಚಿಮುಕಿಸಿದಂತೆ ಅಜ್ಜಿ ಚಟಪಟಿಸಿದಳು. ತೆಗೆದಳು, ತಣ್ಣಗಾಯಿತು. ಇಟ್ಟಳು, ಮತ್ತೆ ಚಟಪಟ. ಅಜ್ಜಿ ಎಚ್ಚರವಾಗಿಯೇ ಇದ್ದಳು.

ಇಕ್ಕಳದಲ್ಲಿ ಹಿಡಿದ ಹಾಗೆಯೇ ಅದನ್ನು ಮಗುಚಿ ನೋಡಿದಳು. ಅಡಿಯಲ್ಲೊಂದು ಹಳದಿ ಚುಕ್ಕೆ. ಇಷ್ಟು ದಿನ ಮೇಲಿನಿಂದ ಮಾತ್ರ ನೋಡಿದ್ದಳು. ಅಡಿ ನೋಡುವ ಪ್ರಮೇಯ ಬಂದಿರಲಿಲ್ಲ. ಜೋರಾದದ್ದು ಎನ್ನಿಸಿಕೊಂಡಿದ್ದ ಆ ಇನ್ನೊಂದನ್ನೂ ಮಗುಚಿದಳು. ಅಡಿ ಬೋಳಾಗಿ ಹೊಳೆಯುತ್ತಿತ್ತು.

ಅಂದು ಅವಳ ಕೈ ನಡುಗಲಿಲ್ಲ. ಬೆಳಿಗ್ಗೆ ಅಕ್ಕನ ಜೇಬಿಗೆ ಇಳಿದದ್ದರ ಅಡಿಯೂ ಹಳದಿ.

ಮೇಜಿನ ಆ ತುದಿಯಲ್ಲಿ ಕಿರಿಯರ ನಕಲಿ ಬಿಲ್ಲೆಗಳ ತಟ್ಟೆ ಮುಚ್ಚಳವಿಲ್ಲದೆ ಬಿದ್ದಿತ್ತು. ಅಭ್ಯಾಸವೂ ಪ್ರಯೋಗವೂ ನಡೆಯುವುದು ಇದೇ ಮೇಜಿನ ಮೇಲೆ. ಗಂಟೆ ಹೊಡೆದ ಗಡಿಬಿಡಿಯಲ್ಲಿ ಯಾರದೋ ಇಕ್ಕಳ ನಕಲಿಯನ್ನು ಡಬ್ಬಿಗೆ, ಅಸಲಿಯನ್ನು ತಟ್ಟೆಗೆ ಹಾಕಿರಬೇಕು. ಡಬ್ಬಿಗೆ ಬೀಗ ಬಿತ್ತು, ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋದರು. ತಂಗಿ ತಟ್ಟೆಯಿಂದ ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡಳು.

ಒಂದು ಗಳಿಗೆ ಕೈಯಲ್ಲಿ ಹಿಡಿದರೆ ದೊಡ್ಡದೇನೂ ಆಗದು ಎಂದು ಮೊದಲ ಪಾಠದಲ್ಲೇ ಕಲಿಸಿದ್ದರು. ಹತ್ತಿರ ಇಟ್ಟುಕೊಳ್ಳಬೇಡಿ, ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡಿ ಎಂದೂ ಕಲಿಸಿದ್ದರು. ದಿಂಬಿನ ಪಕ್ಕ ಒಂದು ವಾರ. ಈಗ ನಿಲುವಂಗಿಯ ಜೇಬು, ಅದರ ಹಿಂದೆಯೇ ಮಗು.

ಫೋನು ಹೊರಗಿನ ಕಪಾಟಿನಲ್ಲಿತ್ತು. ಓಡಿಹೋಗಲೆಂದು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಸರ್. ಹೋದ ತಿಂಗಳು ಅವಳು ಧೈರ್ಯ ಮಾಡಿ ಕೇಳಿದ ಒಂದೇ ಒಂದು ಪ್ರಶ್ನೆಗೆ "ಇದೂ ಒಂದು ಪ್ರಶ್ನೇನಾ?" ಎಂದು ಇಡೀ ತರಗತಿಯನ್ನು ನಗಿಸಿದ್ದರು. ಆಮೇಲೆ ಅವಳು ಕೈಯೆತ್ತಿರಲಿಲ್ಲ.

"ಏನು, ಏರಿತಾ?"

"ಚೆನ್ನಾಗಿ ಏರಿತು ಸರ್," ಎಂದಳು ಪಟಾಕಿ. ಹಾಳೆಯಲ್ಲಿ ಅಂಕಿಗಳು ಆಗಲೇ ಸಾಲಾಗಿ ಕೂತಿದ್ದವು. ಮೇಜಿನ ಕೆಳಗಿನಿಂದ ಅವಳ ಕಾಲು ಮೌನಿಯ ಪಾದವನ್ನು ಒತ್ತಿತು: ಸುಮ್ಮನಿರು.

ಸರ್ ಪೆನ್ನಿನ ಮುಚ್ಚಳ ತೆಗೆದರು. "ಸರಿ, ಡಬ್ಬಿ ಮುಚ್ಚಿ ಬೀಗ ಹಾಕಿ. ಸುರಕ್ಷತೆ ಮೊದಲು."

ಪಟಾಕಿ ಎರಡೂ ಬಿಲ್ಲೆಗಳನ್ನು ಒಳಗಿಟ್ಟಳು. ಬೀಗ ಕ್ಲಿಕ್ಕೆಂದಿತು. ಕೌಂಟರ್ ಮತ್ತೆ ತಣ್ಣಗೆ, ಯಾವ ಅವಸರವೂ ಇಲ್ಲದೆ, ಟಿಕ್... ಟಿಕ್. ಹೇಳಿದರೆ ಪಟಾಕಿಯ ಸುಳ್ಳು ಬಯಲಾಗುತ್ತದೆ, ತಂಗಿಯನ್ನು ಎಲ್ಲರೆದುರು ನಿಲ್ಲಿಸುತ್ತಾರೆ, ಕೋಣೆ ಮತ್ತೊಮ್ಮೆ ನಗುತ್ತದೆ. ಪೆನ್ನಿನ ಮೊನೆ ಹಾಳೆಗೆ ತಾಗಿತು. ಅವಳ ಕಣ್ಣಿಗೆ ಕಟ್ಟಿದ್ದು ಅಲುಗಿದ ಬಿಲ್ಲೆ ಮಾತ್ರ, ಒಳಗಿನಿಂದ ಬಿದ್ದ ಆ ಪುಟ್ಟ ಒದೆ.

"ಸರ್."

ಕೊನೆಯ ಮೇಜಿನವರೂ ತಿರುಗಿ ನೋಡಿದರು. ಅದು ತನ್ನದೇ ದನಿಯೆಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ.

"ನೀವು ಬೀಗ ಹಾಕಿಸಿದ್ದರಲ್ಲಿ ಒಂದು ನಕಲಿ. ಅಸಲಿ ನಮ್ಮ ಮನೇಲಿದೆ, ನಮ್ಮಕ್ಕನ ಜೇಬಲ್ಲಿ."